ಬಳೆ ತೆಗೆದಿಟ್ಟು ಡ್ರಿಲ್ ಹಿಡಿಯಿರಿ

ಒಂದು ಗೋಡೆಗೆ ಒಂದು ತೂತು ಹಾಕಲಿಕ್ಕೆ ಎಂಟು ತಿಂಗಳು ಬೇಕೇ ಎಂದು ಯಾರಾದರೂ ಕೇಳಿದರೆ, ಅವರನ್ನು ಡೊಂಬಿವಲಿಯ ಎಂಐಡಿಸಿ ಎಂಬ ಕಾರ್ಖಾನೆಗಳ ವಸಾಹತಿನಲ್ಲಿ ಮನೆಗಳಿರುವ ಕಡೆಗೆ ಕರೆದುಕೊಂಡು ಹೋಗಿ, ವಿಜಯಕುಮಾರನ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಸೋಫಾದ ಹಿಂದೆ ಬಗ್ಗಿ ನೋಡಿರಪ್ಪಾ ಎನ್ನಬೇಕಿತ್ತು. ಅಲ್ಲಿ ಗೋಡೆಗೆ ಮುಖ ಮಾಡಿ, ಹಳೆಯ ಚಾದರ ಹೊದ್ದು, ಸ್ವತಃ ವಿಜಯಕುಮಾರನೇ ಮಾರ್ಚ್ ತಿಂಗಳಿಂದ ನಿಂತಿದ್ದ. ಅಂದರೆ ಅವನ ಫೋಟೊ. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ, ಬಂಗಾರದ ಬಣ್ಣದ ಕಟ್ಟು.

ವಿಜಯಕುಮಾರ ಎಂಐಡಿಸಿಯ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಇಡೀ ವರ್ಷ ಯಾರ ಕೈಗೂ ಕಾಲಿಗೂ ಏನೂ ಆಗದ್ದಕ್ಕೆ ಕಂಪನಿಯವರು ಅವನನ್ನು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿದ್ದರು. ಫೋಟೊ ದೊಡ್ಡದು ಮಾಡಿಸುವಾಗ ಸ್ಟುಡಿಯೋದವನು ಪಕ್ಕದಲ್ಲಿದ್ದ ಮ್ಯಾನೇಜರರನ್ನು ಕತ್ತರಿಸಿ, ಹಿಂದಿನ ಬ್ಯಾನರು ಅಳಿಸಿ, ಅಲ್ಲಿ ತಿಳಿನೀಲಿ ಆಕಾಶ ತುಂಬಿಸಿದ್ದ. ಉಳಿದದ್ದು ಮೂರೇ: ವಿಜಯಕುಮಾರ, ಅವನ ಕೊರಳಿನ ಹಾರ, ಆಕಾಶ.

ಆ ಫೋಟೊ ಗೋಡೆ ಹತ್ತಲೇಬೇಕಿತ್ತು. ಏಕೆಂದರೆ ಕಾಳವ್ವ ಬರುವವಳಿದ್ದಳು.

ಕಾಳವ್ವ ಅವನ ತಾಯಿಯ ಅಕ್ಕ, ದೊಡ್ಡವ್ವ. ರೋಣದಲ್ಲಿ ಅವಳ ಮನೆಯಲ್ಲಿ ಉಂಡು, ಅವಳ ಕೈಯಿಂದ ಬೆಳೆದು ಅವನು ಶಾಲೆ ಕಲಿತದ್ದು. ಹದಿನಾಲ್ಕನೇ ವಯಸ್ಸಿನಲ್ಲಿ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆ ಎಂದು ಅವಳು ಸುತ್ತಿಗೆ ಕೊಟ್ಟಿದ್ದಳು. ಅವನು ಹೆಬ್ಬೆರಳಿಗೆ ಹೊಡೆದುಕೊಂಡಿದ್ದ. ಅಂದಿನಿಂದ ಮದುವೆಯಿರಲಿ ತೊಟ್ಟಿಲಿರಲಿ, ನಾಲ್ಕು ಜನ ಕೂಡಿದಲ್ಲಿ ಕಾಳವ್ವ ಅದನ್ನು ಹೇಳುವುದು ಬಿಟ್ಟಿಲ್ಲ. "ಮೊಳಿ ಹೊಡಿಯಾಕ ಬರಂಗಿಲ್ಲ ಇವಂಗ. ಅಷ್ಟ ದೊಡ್ಡ ಫ್ಯಾಕ್ಟರ್ಯಾಗ ಏನ್ ಮಾಡ್ತಾನೋ, ಆ ಶಿವಗ ಗೊತ್ತು." ಸರಕಾರದ ಇನ್ಸ್‌ಪೆಕ್ಟರು ಹೊಗಳಿದ್ದರು, ಮ್ಯಾನೇಜರರು ಹೊಗಳಿದ್ದರು. ನಲವತ್ತೇಳು ವರ್ಷದ ವಿಜಯಕುಮಾರನಿಗೆ ಅದಾವುದೂ ಹೊಟ್ಟೆಗೆ ಹತ್ತಿರಲಿಲ್ಲ. ದೊಡ್ಡವ್ವನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬೀಳಬೇಕು, ಅಷ್ಟೇ ಅವನ ಆಸೆ.

ಈಗ ಕಾಳವ್ವ ಟಿಟ್ವಾಳಾದಲ್ಲಿ ಮೊಮ್ಮಗಳು ಮಯೂರಿಯ ಮನೆಗೆ ಬಂದಿದ್ದಳು. ರವಿವಾರ ಇಲ್ಲಿಗೆ ಬರುವುದೆಂದು ಮಾತಾಗಿತ್ತು. ಅವಳು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಎದುರಿಗೆ ಗೋಡೆಯ ಮೇಲೆ ಹಾರ ಹಾಕಿಕೊಂಡ ಮಗನನ್ನು ಕಾಣಬೇಕು.

ಡ್ರಿಲ್ ಮಶೀನು ಮನೆಯಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಕೊಂಡದ್ದು. ವಿಜಯಕುಮಾರ ಪ್ರತಿ ರವಿವಾರ ಅದನ್ನು ಹಸಿರು ಟ್ರಂಕಿನಿಂದ ಹೊರಗೆ ತೆಗೆಯುತ್ತಿದ್ದ. ಗಾಳಿಯಾಡುವ ಸಂದಿಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ವೈರು ಎಲ್ಲಾದರೂ ಸೀಳಿದೆಯೇ ಎಂದು ಬೆರಳಾಡಿಸಿ, ಒಳಗಿನ ಕಾರ್ಬನ್ ತುಂಡು ಸವೆದಿದೆಯೇ ಎಂದು ಬಿಚ್ಚಿ ನೋಡಿ, ಒಣಬಟ್ಟೆಯಿಂದ ಒರೆಸಿ ಮತ್ತೆ ಮಲಗಿಸುತ್ತಿದ್ದ. ಅದರಷ್ಟು ಆರೋಗ್ಯವಂತ ಡ್ರಿಲ್ಲು ಇಡೀ ಠಾಣೆ ಜಿಲ್ಲೆಯಲ್ಲಿ ಇರಲಿಲ್ಲ. (ಇರಲು ಹೇಗೆ ಸಾಧ್ಯ? ಇದು ಇನ್ನೂ ಒಂದು ಗೋಡೆಯನ್ನೂ ಮುಟ್ಟಿರಲಿಲ್ಲ.)

ತಪ್ಪು ಅವನದಲ್ಲ, ಕಟ್ಟಡದ ಫ್ಲ್ಯಾಟಿನವರ ಸೊಸೈಟಿಯದು. ನೋಟೀಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಡ್ರಿಲ್ಲಿಂಗ್ ಕೆಲಸ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಮಾತ್ರ; ರವಿವಾರ ಮತ್ತು ಹಬ್ಬದ ದಿನ ಪೂರ್ಣ ಬಂದ್. ವಿಜಯಕುಮಾರನಿಗೆ ರಜೆ ಇರುವುದು ರವಿವಾರ ಮತ್ತು ಹಬ್ಬದ ದಿನ. ಉಳಿದ ದಿನ ಊಟಕ್ಕೆ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದ, ನಿಜ. ಆದರೆ ಬಂದು ತಲುಪುವುದು ಒಂದೂಕಾಲಕ್ಕೆ. ಕಲ್ಯಾಣದ ಲೋಕಲ್ ರೈಲೂ ಪನವೇಲಿನ ಲೋಕಲ್ ರೈಲೂ ಎಲ್ಲೋ ಒಂದು ಕಡೆ ಎದುರುಬದುರಾಗುತ್ತವೆ. ಅವನ ಬಿಡುವೂ ಸೊಸೈಟಿಯ ವೇಳೆಯೂ ಎಂಟು ತಿಂಗಳಲ್ಲಿ ಒಮ್ಮೆಯೂ ಕೂಡಲಿಲ್ಲ.

ಸೋಮವಾರ ರಾತ್ರಿ ರೊಟ್ಟಿ ಮುರಿಯುತ್ತಿದ್ದಾಗ ಅವನಿಗೆ ದಿವ್ಯಜ್ಞಾನವಾಯಿತು.

"ಕಾಂಚನಾ, ಆ ತೂತು ನೀನ ಹಾಕು."

ಹೆಂಡತಿ ಪಲ್ಯದ ಚಮಚ ಹಿಡಿದೇ ಅವನನ್ನು ನೋಡಿದಳು. "ನಾನ? ಎಂಟು ತಿಂಗಳಿಂದ ಮುಟ್ಟಬ್ಯಾಡ ಮುಟ್ಟಬ್ಯಾಡ ಅಂದ್ರಿ. ನೆಲಾ ವರಸೂವಾಗ ಆ ಟ್ರಂಕಿಗೆ ಕಸಬರಗಿ ತಾಗಿದ್ದಕ್ಕ ಅರ್ಧಾ ತಾಸು ಭಾಷಣ ಮಾಡಿದ್ರಿ."

"ತರಬೇತಿ ಇಲ್ಲದ ಮುಟ್ಟಬಾರದು. ತರಬೇತಿ ನಾ ಕೊಡ್ತೀನಿ."

"ಎಷ್ಟ ದಿನದ್ದು?"

"ಮೂರು ಸಂಜಿ."

"ಒಂದು ತೂತಿಗೆ?"

"ತೂತು ಒಂದ. ಬೆರಳು ಹತ್ತು ಅದಾವ."

ಮೂರು ಸಂಜೆ ಆ ಮನೆಯಲ್ಲಿ ಟಿವಿ ಹಚ್ಚಲಿಲ್ಲ. ತೂತು ಕೊರೆಯುವ ಬಿಟ್ ಬದಲಿಸುವ ಮೊದಲು ಪ್ಲಗ್ ಕಿತ್ತಿರಬೇಕು. ಬಿಟ್ ಬಿಗಿ ಮಾಡಿದ ಕೀಲಿಯನ್ನು ಅಲ್ಲೇ ಬಿಟ್ಟು ಸ್ವಿಚ್ ಒತ್ತಿದರೆ ಅದು ಹಾರಿ ಬಂದು ಹಣೆಗೆ ಬಡಿಯುತ್ತದೆ. ಗೋಡೆಯೊಳಗೆ ವೈರು ಓಡಿದೆಯೇ ಎಂದು ಸ್ವಿಚ್ ಬೋರ್ಡಿನ ಮೇಲೆ ಕೆಳಗೆ ಲೆಕ್ಕ ಹಾಕಿ ನೋಡಬೇಕು. ಎರಡೂ ಕೈಯಿಂದ ಹಿಡಿಯಬೇಕು, ಕಾಲು ಅಗಲಿಸಿ ನಿಲ್ಲಬೇಕು, ಮಶೀನಿನ ಮೇಲೆ ಮೈಭಾರ ಹಾಕಬಾರದು. ಕಣ್ಣಿಗೆ ಗಾಗಲ್, ಮೂಗಿಗೆ ಮಾಸ್ಕು, ಕಿವಿಗೆ ರಬ್ಬರಿನ ಬಿರಡೆ. ಧೂಳು ಹೋಗಲು ಬಾಗಿಲು ತೆರೆದಿರಬೇಕು. ಕಾಂಚನಾ ಜಾಣೆ. ಎರಡನೇ ಸಂಜೆಗೇ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಮೂರನೇ ಸಂಜೆ ಮಾತ್ರ ಗಾಡಿ ಒಂದು ಕಡೆ ನಿಂತಿತು.

"ಸೀರಿ ನಡಿಯಂಗಿಲ್ಲ. ಡ್ರೆಸ್ಸಿನ ಮ್ಯಾಲ ನನ್ನ ಹಳೇ ಬಿಳಿ ಅಂಗಿ ಹಾಕ್ಕೋ. ಕೂದಲಾ ಬಿಗಿದು ಕಟ್ಟು. ಬಳಿ ತಗಿ, ಸರಾ ತಗಿ."

"ಯಾವ ಸರಾ?"

"ಕೊಳ್ಳಾಗ ಏನ್ ಐತಿ ಅದು."

"ತಾಳಿ ತಗಿ ಅಂತೀರೇನ್ರಿ? ಬಾಯಾಗ ಏನ್ ಬರಾಕತ್ತೈತಿ ನಿಮಗ!"

"ತಿರಗೂ ಮಶೀನಿಗೆ ತಾಳಿ ಯಾವ್ದು, ಹಗ್ಗ ಯಾವ್ದು ತಿಳಿಯಂಗಿಲ್ಲ ಕಾಂಚನಾ. ಸುತಗೊಂಡ್ರ ಕುತ್ತಿಗಿ ಹಿಡದು ಎಳೀತೈತಿ. ಮೊದಲ ಕುತ್ತಿಗಿ ಇರಲಿ, ಆಮ್ಯಾಲ ತಾಳಿ. ಅರ್ಧಾ ತಾಸಿನ ಮಾತು. ಯಾರ ನೋಡಾವರು?"

ಕಾಂಚನಾ ದೇವರ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಇಬ್ಬರಲ್ಲಿ ಗಂಡನೇ ಹೆಚ್ಚು ಹಟಮಾರಿಯಾಗಿ ಕಂಡ. ಒಪ್ಪಿಕೊಂಡಳು.

ಅದಕ್ಕೂ ಅವನೊಂದು ಪದ್ಧತಿ ಮಾಡಿದ. ಟ್ರಂಕಿನಿಂದ ಡ್ರಿಲ್ಲು ಹೊರಗೆ ಬಂದ ಕೂಡಲೇ ಆ ಜಾಗಕ್ಕೆ ಬಳೆ, ತಾಳಿ, ಉಂಗುರ ಒಳಗೆ ಹೋಗಬೇಕು. ಮೇಲೆ ಒತ್ತಿದರೆ ತಾನೇ ಮುಚ್ಚಿಕೊಳ್ಳುವ ಬೀಗ. ಕೆಲಸ ನಡೆದಾಗ ನಡುವೆ ಯಾರೋ ಬಂದರೆಂದು ಅವಸರದಲ್ಲಿ ಬಳೆ ಏರಿಸಿಕೊಂಡು ಮತ್ತೆ ಡ್ರಿಲ್ ಹಿಡಿಯಬಾರದಲ್ಲ? ಆದ್ದರಿಂದ ಕೀಲಿ ಅವನ ಹತ್ತಿರ. ಒಂದೂಕಾಲಕ್ಕೆ ಊಟಕ್ಕೆ ಬಂದಾಗ ತೆಗೆದುಕೊಡುವುದು. ಇಂಥ ಕಟ್ಟುನಿಟ್ಟು ಮಾಡಿದ ಮೇಲೆ ಅಪಘಾತ ಎಲ್ಲಿಂದ ಬಂದೀತು ಎಂದು ಅವನು ಶುಕ್ರವಾರ ಬೆಳಿಗ್ಗೆ ನಿಶ್ಚಿಂತನಾಗಿ ಸ್ಕೂಟರು ಹತ್ತಿದ.

ಮುಂದಿನದನ್ನು ಅವನು ಕಣ್ಣಾರೆ ಕಂಡವನಲ್ಲ. ಆಮೇಲೆ ಒಬ್ಬೊಬ್ಬರು ಒಂದೊಂದು ಬಗೆ ಹೇಳಿದರು. ಎಲ್ಲವನ್ನೂ ಕೂಡಿಸಿದರೆ ಆದದ್ದು ಇಷ್ಟು.

ಕಾಂಚನಾ ಹನ್ನೆರಡಕ್ಕೆ ಕೆಲಸ ಶುರು ಮಾಡಿದಳು. ಕಲಿಸಿದ್ದರಲ್ಲಿ ಒಂದಕ್ಷರ ಬಿಡಲಿಲ್ಲ. ಬಾಗಿಲು ತೆರೆದಿಟ್ಟಳು, ಬಳೆ ತಾಳಿ ಟ್ರಂಕಿಗೆ ಹಾಕಿ ಬೀಗ ಒತ್ತಿದಳು, ಕಿವಿಗೆ ಬಿರಡೆ ಇಟ್ಟಳು. ಪೆನ್ಸಿಲ್ಲಿನ ಗುರುತಿಗೆ ಬಿಟ್ ಇಟ್ಟು ಸ್ವಿಚ್ ಒತ್ತಿದರೆ, ಎಂಟು ತಿಂಗಳು ಇಡೀ ಮನೆಯನ್ನು ಹೆದರಿಸಿದ ಆ ಗೋಡೆ ಎಂಟು ಸೆಕೆಂಡಿನಲ್ಲಿ ಕುಂಬಳಕಾಯಿಯ ಹಾಗೆ ಒಳಗೆ ಬಿಟ್ಟುಕೊಂಡಿತು. ಪ್ಲಗ್ ಕಿತ್ತಳು. ತೂತಿಗೆ ಸ್ಕ್ರೂ ಕಚ್ಚಿಕೊಳ್ಳುವ ಪ್ಲಾಸ್ಟಿಕ್ಕಿನ ಗಿಟ್ಟಿ ತುಂಬಿ, ಸ್ಕ್ರೂ ತಿರುವಿ, ಗಂಡನನ್ನು ತೂಗುಹಾಕಿದಳು. ಸ್ಟೂಲಿನಿಂದ ಇಳಿದು, ನೆಟ್ಟಗಿದ್ದಾನೋ ಇಲ್ಲವೋ ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು, ಗಾಗಲ್ಲೂ ಮಾಸ್ಕೂ ತೆಗೆದಳು. ಹಣೆಯ ಬೆವರು, ಸಿಮೆಂಟಿನ ಧೂಳು ಎರಡೂ ಕೂಡಿ ಕಣ್ಣಿಗೆ ಇಳಿದವು. ಅಂಗಿಯ ತೋಳಿನಿಂದ ಒರೆಸಿಕೊಂಡಳು. ಕುಂಕುಮ ಅಳಿಸಿಹೋಯಿತು, ಧೂಳು ವಿಭೂತಿಯ ಹಾಗೆ ಹಣೆತುಂಬ ಹರಡಿತು, ಕಣ್ಣು ಕೆಂಪಗಾಗಿ ದಳದಳ ನೀರು ಸುರಿಯತೊಡಗಿತು.

ಸರಿಯಾಗಿ ಆಗಲೇ ಕಾಳವ್ವ ಬಾಗಿಲಿಗೆ ಬಂದಳು.

ಬರಬೇಕಾದದ್ದು ರವಿವಾರ. ಆದರೆ ಮಯೂರಿಯ ಗಂಡ ರಿತೇಶನಿಗೆ ಡೊಂಬಿವಲಿಯಲ್ಲಿ ಏನೋ ಕೆಲಸ ಬಂದು, ಅಜ್ಜಿಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಗೇಟಿನಲ್ಲಿ ಇಳಿಸಿ ಹೋಗಿದ್ದ. ಫೋನು ಮಾಡೋಣವೆಂದರೆ ಕಾಳವ್ವ ಬೇಡ ಎಂದಿದ್ದಳು, ಗಾಬರಿಪಡಿಸೋಣ ಎಂದು. ಗಾಬರಿಯಾದವಳು ತಾನು. ಒಂದು ಕಣ್ಣಿನ ಆಪರೇಶನ್ ಆಗಿ ಇನ್ನೊಂದರದು ಬಾಕಿಯಿದ್ದ ಆ ಮುದುಕಿಗೆ ಕಂಡದ್ದು ಇಷ್ಟು: ಗೋಡೆಯ ಮೇಲೆ ಗಂಧದ ಹಾರ ಹಾಕಿದ ವಿಜಯಕುಮಾರನ ಫೋಟೊ, ಹಿಂದೆ ಬರೀ ಆಕಾಶ. ಅದರ ಮುಂದೆ ಅವನ ಬಿಳಿ ಅಂಗಿ ತೊಟ್ಟ ಕಾಂಚನಾ, ಬರಿಗೈ, ಬರಿಗೊರಳು, ಬರಿಹಣೆ, ಕಣ್ಣಲ್ಲಿ ನೀರು.

"ಅಯ್ಯೋ ನನ್ನಪ್ಪಾ!" ಎಂದು ಕಾಳವ್ವ ಹೊಸ್ತಿಲಲ್ಲೇ ಕುಸಿದಳು.

ಕಾಂಚನಾಳ ಕಿವಿಯಲ್ಲಿ ಇನ್ನೂ ಬಿರಡೆ. ತಿರುಗಿ ನೋಡಿದರೆ ದೊಡ್ಡವ್ವ ಬಾಯಿ ತೆರೆದು ಎದೆ ಬಡಿದುಕೊಳ್ಳುತ್ತಿದ್ದಾಳೆ. ರೋಣದಲ್ಲಿ ಯಾರೋ ಹೋಗಿಬಿಟ್ಟಿರಬೇಕು, ಅದಕ್ಕೇ ಹೇಳದೆ ಕೇಳದೆ ಬಂದಿದ್ದಾಳೆ ಎಂದುಕೊಂಡು ಕಾಂಚನಾ ಓಡಿಬಂದು ಅವಳನ್ನು ತಬ್ಬಿಕೊಂಡು ತಾನೂ ಅತ್ತಳು. ಎದುರುಮನೆಯ ಸುಂದರಿ ಬಾಗಿಲು ತೆಗೆದಾಗ ಇಬ್ಬರೂ ಕೊರಳು ಕೂಡಿಸಿ ಅಳುತ್ತಿದ್ದರು. ಮೇಲೆ ಫೋಟೊ ನೆಟ್ಟಗೆ ತೂಗುತ್ತಿತ್ತು. ಸುಂದರಿಗೆ ಇನ್ನೇನು ಬೇಕು?

"ದೇವರೇ, ಬೆಳಿಗ್ಗೆ ಸ್ಕೂಟರಲ್ಲಿ ಹೋದದ್ದು ನಾನೇ ನೋಡಿದ್ದು ಮಾರಾಯ್ತಿ!" ಎಂದವಳೇ ಮೇಲಿನ ಮಾಳಿಗೆಗೂ ಕೆಳಗಿನ ಮಾಳಿಗೆಗೂ ಸುದ್ದಿ ಮುಟ್ಟಿಸಿದಳು.

ಬಿರಡೆ ತೆಗೆದ ಮೇಲೆ ಕಾಂಚನಾಳಿಗೆ ಸತ್ತವರು ಯಾರೆಂದು ತಿಳಿಯಿತು.

"ಏ ದೊಡ್ಡವ್ವ, ಅವರು ಕೆಲಸಕ್ಕ ಹೋಗ್ಯಾರ್ರಿ!"

"ಪಾಪ," ಕಾಳವ್ವ ಸುಂದರಿಗೆ ಹೇಳಿದಳು, "ಮನಸು ಒಪ್ಪವಲ್ದು. ಕೆಲಸಕ್ಕ ಹೋಗ್ಯಾನ ಅನ್ನಾಕತ್ತಾಳ."

"ಖರೇನ ಹೋಗ್ಯಾರ್ರಿ!"

"ಹಂಗಾರ ಬಳಿ ಯಾಕ ತಗದಿ ಕೂಸ?"

"ಅವರ ತಗಿ ಅಂದಿದ್ರು."

"ನೋಡವಾ! ಅವಂಗ ಮೊದಲ ತಿಳದಿತ್ತು," ಎಂದು ಕಾಳವ್ವನ ದನಿ ಮೇಲಕ್ಕೇರಿತು. "ತಾಳಿ ಎಲ್ಲೈತಿ?"

"ಟ್ರಂಕಿನ್ಯಾಗ. ಕೀಲಿ ಅವರು ಒಯ್ದಾರ."

ಇದನ್ನು ಕೇಳಿ ಕೆಳಮನೆಯಿಂದ ಬಂದ ಹೆಂಗಸರೂ ಸೆರಗು ಬಾಯಿಗೆ ಇಟ್ಟುಕೊಂಡರು. ಫೋನು ಮಾಡಿ ತೋರಿಸುತ್ತೇನೆಂದು ಕಾಂಚನಾ ಫೋನು ಹಚ್ಚಿದಳು. ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. (ಕೆಲಸದ ವೇಳೆ ಫೋನು ಲಾಕರಿನಲ್ಲಿರಬೇಕು, ಸ್ಕೂಟರು ಓಡಿಸುವಾಗಲೂ ಜೇಬಿನಲ್ಲಿರಬಾರದೆಂದು ಅವನು ಊಟಕ್ಕೆ ಬರುವಾಗಲೂ ಅಲ್ಲೇ ಬಿಟ್ಟು ಬರುತ್ತಿದ್ದ.) ಎರಡನೇ ಸಲ ಹಚ್ಚಿದಳು. ಮೂರನೇ ಸಲ. ಕಾರ್ಖಾನೆಯ ಗೇಟಿನ ನಂಬರು ಇದ್ದದ್ದು ಅವನ ಫೋನಿನಲ್ಲಿ ಮಾತ್ರ. ಹೆಂಗಸರು ಅವಳ ಕೈಯಿಂದ ಫೋನು ತೆಗೆದಿಟ್ಟು, ಎರಡೂ ಕಡೆ ಕುಳಿತು, ಬೆನ್ನು ಸವರಿ, "ಅತ್ತುಬಿಡು, ಒಳಗ ಇಟಗೋಬ್ಯಾಡ" ಎನ್ನತೊಡಗಿದರು.

ಒಂದೂಕಾಲಕ್ಕೆ ವಿಜಯಕುಮಾರ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ. (ಮೂರು ಮಾಳಿಗೆ ಹತ್ತಿದರೆ ಎದೆಗೆ ಒಳ್ಳೆಯದು.) ಮನಸ್ಸಿನಲ್ಲಿ ಫೋಟೊ. ತನ್ನ ಬಾಗಿಲ ಮುಂದೆ ಇಪ್ಪತ್ತು ಜೊತೆ ಚಪ್ಪಲಿ ಕಂಡಾಗ ಅವನಿಗೆ ಮೊದಲು ಹೊಳೆದದ್ದು, ತೂತು ಅಷ್ಟು ಚೆನ್ನಾಗಿ ಬಂತೇ ಎಂದು. ಅಷ್ಟರಲ್ಲಿ ಎದುರುಮನೆಯ ದೇವದಾಸ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ. ಸುಂದರಿಯ ಗಂಡ, ಸ್ಟೇಶನ್ನಿನ ಹತ್ತಿರ ಹೋಟೆಲಿನವ. ಕಾರ್ಖಾನೆಗೇ ಹೋಗಿ ವಿಚಾರಿಸಿ ಬರೋಣವೆಂದು ಹೊರಟಿದ್ದವನು ಮೆಟ್ಟಿಲ ತುದಿಯಲ್ಲಿ ವಿಜಯಕುಮಾರನನ್ನು ಕಂಡು ಕಟಕಟೆ ಹಿಡಿದುಕೊಂಡು ನಿಂತ.

"ನೀವು... ಇದ್ದೀರಾ?"

"ಎಲ್ಲಿ ಹೋಗ್ಲಿ? ಊಟಕ್ಕ ಬಂದೇನಿ."

"ನೀವು ಹೋದ್ರಿ ಅಂತ ಒಳಗೆ ಅಳ್ತಾ ಇದ್ದಾರೆ ಮಾರಾಯ್ರೆ! ನಿಮ್ಮ ದೊಡ್ಡಮ್ಮ ಬಂದಿದ್ದಾರೆ. ಬೇಗ ಹೋಗಿ, ನನ್ನ ಹೆಂಡ್ತಿ ಊರಿಗೆಲ್ಲ ಫೋನ್ ಮಾಡ್ಲಿಕ್ಕೆ ಶುರು ಮಾಡಿದ್ದಾಳೆ."

ವಿಜಯಕುಮಾರ ಒಂದು ಹೆಜ್ಜೆ ಮುಂದಿಟ್ಟ. ಆಗ ಒಳಗಿನಿಂದ ದೊಡ್ಡವ್ವನ ದನಿ ತೇಲಿಬಂತು. ಕಾಳವ್ವನ ಹಾಡಿನ ಅಳು ರೋಣದ ಸುತ್ತ ಹತ್ತು ಊರಿಗೆ ಪ್ರಸಿದ್ಧ. ಅವಳು ಹಾಡಿ ಅತ್ತರೆ ಸತ್ತವನ ವೈರಿಯೂ ಮೂಗು ಒರೆಸಿಕೊಳ್ಳುತ್ತಿದ್ದ.

"ಕೈಯಿ ಬಂಗಾರದ್ದೋ ನನ್ನ ವಿಜಯಾ... ಮಾತು ಮುತ್ತಿಂದೋ ನನ್ನ ವಿಜಯಾ... ವಂಶಕ್ಕ ದೀಪ ಆಗಿದ್ದ್ಯಲ್ಲೋ..."

ವಿಜಯಕುಮಾರನ ಕಾಲು ಅಲ್ಲೇ ನಿಂತಿತು.

"ಹೋಗಿ ಮಾರಾಯ್ರೆ!" ದೇವದಾಸ್ ಪಿಸುಗುಟ್ಟಿದ.

"ಒಂದ ನಿಮಿಷ ತಡೀರಿ."

"ಎಂತ ತಡಿಯುವುದು?"

"ನಲವತ್ತೇಳು ವರ್ಷದಾಗ ಇದ ಮೊದಲ ಸಲ ರೀ ದೇವದಾಸ."

ಒಳಗೆ ರಾಗ ತಿರುಗಿತು. "ಮೊಳಿ ಹೊಡಿಯಾಕ ಬರಂಗಿಲ್ಲಂತ ಬೈದೆನಲ್ಲೋ... ಗ್ವಾಡಿಗೆ ನೋವಾದೀತಂತ ಬಿಟ್ಟಿದ್ದ್ಯೇನೋ ನನ್ನ ಕರುಣಾಳೂ..."

ವಿಜಯಕುಮಾರ ಚಪ್ಪಲಿಗಳ ನಡುವೆ ಗೋಡೆಗೆ ಒರಗಿ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ. ಯಾರೋ ದೊಡ್ಡ ಮನುಷ್ಯರ ಸಂತಾಪ ಸಭೆಗೆ ಬಂದವನ ಹಾಗೆ ತಲೆ ತಗ್ಗಿಸಿದ. ಹೌದು, ಅದೇ ಕಾರಣ ಇದ್ದಿರಬೇಕು. ಗೋಡೆಗೆ ನೋವಾದೀತೆಂದೇ ಆ ದಿನ ಸುತ್ತಿಗೆ ಬೆರಳಿಗೆ ತಿರುಗಿದ್ದು.

"ನೀವು ಈಗ ಒಳಗೆ ಹೋಗದಿದ್ರೆ ನಾನೇ ಹೇಳ್ತೇನೆ," ಎಂದ ದೇವದಾಸ್.

"ಇನ್ನೊಂದ ನುಡಿ. ಕೆಲಸದ ಸುದ್ದಿ ಬರಾಕತ್ತೈತಿ."

ಬಂದೇ ಬಂತು. "ನಾಕನೂರು ಮಂದಿ ಸಂಜಿಗೆ ಹತ್ತೂ ಬೆರಳು ಎಣಿಸಿಕೊಂಡು ಮನೀಗೆ ಹೋದರಲ್ಲೋ... ಅವರ ಹೆಂಡರ ಬಳಿ ಕಾದೆಲ್ಲೋ ನನ್ನ ವಿಜಯಾ... ನಿನ್ನ ಹೆಂಡತಿ ಕೈ ಬರಿದು ಮಾಡಿ ಎಲ್ಲಿಗೆ ಹೋದ್ಯೋ..."

ಮ್ಯಾನೇಜರರು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಹೇಳಿಯೂ ಹೇಳಲಾರದ್ದನ್ನು ರೋಣದ ಮುದುಕಿ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಳು. ಹತ್ತೂ ಬೆರಳು! ಅವನ ಹದಿನೆಂಟು ವರ್ಷದ ನೌಕರಿ ಅಂದರೆ ಅಷ್ಟೇ, ಅದೇ. ಅವನ ಕಣ್ಣಿನಿಂದ ಎರಡು ಹನಿ ಹೆಲ್ಮೆಟ್ಟಿನ ಒಳಗೆ ಬಿದ್ದವು. ತನ್ನ ಸಾವಿಗೆ ತಾನೇ ಅತ್ತ ಮೊದಲ ಸುರಕ್ಷತಾ ಅಧಿಕಾರಿ ಬಹುಶಃ ಅವನೇ.

ಆಗ ರಾಗದ ನಡುವೆ ಇನ್ನೊಂದು ದನಿ ಕೇಳಿಸಿತು. ಹಾಡಿನದಲ್ಲ.

"ಸಾಕ್ ಮಾಡ್ರಿ ದೊಡ್ಡವ್ವ. ಅವರು ಬ್ಯಾರೆ ಎಲ್ಲೂ ಹೋಗಂಗಿಲ್ರಿ. ದಿನಾ ಒಂದೂಕಾಲಕ್ಕ ಬರ್ತಾರ. ಒಂದ ನಿಮಿಷ ಹೆಚ್ಚು ಕಡಿಮಿ ಆಗಂಗಿಲ್ಲ." ಆಮೇಲೆ ಕಾಂಚನಾ ಯಾರನ್ನೋ ಕೇಳಿದಳು, "ಈಗ ಎಷ್ಟಾತ್ರಿ?"

"ಒಂದೂ ಇಪ್ಪತ್ತೈದು," ಎಂದಳು ಸುಂದರಿ.

ಕಾಂಚನಾ ಮತ್ತೆ ಮಾತಾಡಲಿಲ್ಲ. ಆ ಸುಮ್ಮನಿರುವಿಕೆ ಕೇಳಿದಾಗ ಮಾತ್ರ ವಿಜಯಕುಮಾರನಿಗೆ ತಾನು ಹೊರಗೆ ನಿಂತು ಏನು ಮಾಡುತ್ತಿದ್ದೇನೆಂದು ತಿಳಿಯಿತು. ಚಪ್ಪಲಿ ತುಳಿದುಕೊಂಡು ಒಳಗೆ ನುಗ್ಗಿದ. ನುಗ್ಗಿದವನಿಗೆ ಇಪ್ಪತ್ತು ಹೆಂಗಸರ ಮುಂದೆ ಏನು ಹೇಳಬೇಕೋ ತೋಚದೆ, "ಊಟಕ್ಕ ಏನ್ ಐತಿ?" ಎಂದು ಕೇಳಿದ.

ಕಿಟಾರನೆ ಕಿರುಚಿದವರು ಆರು ಜನ. ಸುಂದರಿ ಅಡಿಗೆಮನೆಗೆ ಓಡಿದಳು. ಕಾಳವ್ವ ಮಾತ್ರ ಅಲುಗಾಡಲಿಲ್ಲ.

"ಬೂಟು ಬಿಚ್ಚು," ಎಂದಳು.

"ದೊಡ್ಡವ್ವ, ನಾನ..."

"ಬಿಚ್ಚು ಅಂದೆ! ಪಾದ ಮುಂದ ಅದಾವೋ ಹಿಂದ ಅದಾವೋ ನೋಡಬೇಕು."

ಕಾರ್ಖಾನೆಯ ಬೂಟು, ಮುಂದೆ ಕಬ್ಬಿಣದ ಟೊಪ್ಪಿಗೆ ಇರುವಂಥದ್ದು. ಲೇಸು ಸಡಿಲಾಗಬಾರದೆಂದು ಎರಡೆರಡು ಗಂಟು. ಅವನು ಬಗ್ಗಿ ಬಿಚ್ಚುವವರೆಗೂ ಇಡೀ ಮನೆ ಉಸಿರು ಹಿಡಿದಿತ್ತು. ಪಾದ ಮುಂದೆಯೇ ಇದ್ದವು. ಕಾಳವ್ವ ಎದ್ದು, ಎರಡೂ ಕೆನ್ನೆ ಸವರಿ ನೆಟಿಗೆ ಮುರಿದು, ಅದೇ ಕೈಯಿಂದ ಬೆನ್ನ ಮೇಲೆ ಫಡ್ಡನೆ ಒಂದು ಕೊಟ್ಟಳು.

ಕೀಲಿ ಜೇಬಿನಲ್ಲೇ ಇತ್ತು. ಟ್ರಂಕು ತೆರೆದು, ಎಲ್ಲರ ಎದುರಿಗೆ, ಊಟದ ವೇಳೆಯಲ್ಲಿ, ಅಂಗಿಯ ಮೇಲೆ ಸಿಮೆಂಟು ಮೆತ್ತಿಕೊಂಡ ಹೆಂಡತಿಗೆ ಅವನು ಎರಡನೇ ಸಲ ತಾಳಿ ಕಟ್ಟಿದ. ಕಾಂಚನಾ ಕಣ್ಣು ಒರೆಸಿಕೊಂಡು, ಮೊದಲ ಸಲ ನಕ್ಕಳು. "ಇರಲಿ ಬಿಡ್ರಿ. ಬಂದ್ರೆಲ್ಲ, ಸಾಕು. ದಾರ್ಯಾಗ ಏನ ತಡಾ ಆತು? ಹತ್ತು ನಿಮಿಷ ನನ್ನ ಜೀವದಾಗ ಜೀವ ಇರಲಿಲ್ಲ."

"ಟ್ರಾಫಿಕ್ಕು..." ಎಂದು ವಿಜಯಕುಮಾರ ಶುರು ಮಾಡಿದ.

"ಎಂತ ಟ್ರಾಫಿಕ್ಕು ಮಾರಾಯ್ರೆ?" ಬಾಗಿಲಲ್ಲಿ ನಿಂತ ದೇವದಾಸ್ ಬಹಳ ಸಾದಾ ಮನುಷ್ಯ. "ಇಲ್ಲೇ ಬಾಗಿಲ ಹೊರಗೆ ನಿಂತು ಹಾಡು ಕೇಳ್ತಾ ಇದ್ರು ಅಕ್ಕ. ಹೋಗಿ ಹೋಗಿ ಅಂತ ನಾನು ಎಷ್ಟು ಹೇಳಿದೆ! ಇನ್ನೊಂದು ನುಡಿ ಇನ್ನೊಂದು ನುಡಿ ಅಂತ ಇವರು."

ಕಾಂಚನಾಳ ನಗು ಎಲ್ಲಿಗೆ ಹೋಯಿತೋ. ಬಳೆಗಳನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಒಂದೊಂದಾಗಿ ಏರಿಸಿಕೊಂಡಳು. "ಹತ್ತು ನಿಮಿಷ," ಎಂದಳು, ಅವನಿಗಲ್ಲ, ಬಳೆಗೆ. "ಇಲ್ಲಿ ನನ್ನ ಕೈಕಾಲು ತಣ್ಣಗ ಆಗಿದ್ವು. ಇವರು ಹಾಡ ಕೇಳಾಕತ್ತಿದ್ರು." ಆಮೇಲೆ ಅವನೊಡನೆ ಒಂದು ಮಾತೂ ಆಡಲಿಲ್ಲ. ಅಂದಿನ ಊಟಕ್ಕೆ ಏನಿತ್ತೆಂದು ವಿಜಯಕುಮಾರನಿಗೆ ತಿಳಿಯಲೇ ಇಲ್ಲ. ಒಂದೂಮುಕ್ಕಾಲಿಗೆ ಖಾಲಿ ಹೊಟ್ಟೆಯಲ್ಲಿ ಸ್ಕೂಟರು ಹತ್ತಿದ.

ಸಂಜೆ ಮನೆಗೆ ಬಂದಾಗ ಫೋಟೊ ಮತ್ತೆ ಸೋಫಾದ ಹಿಂದೆ ಸೇರಿತ್ತು. ಬದುಕಿದವ ಗೋಡೆಯ ಮೇಲೆ ಯಾಕೆ ಎಂದು ಕಾಳವ್ವ ಇಳಿಸಿದ್ದಳು. ಆ ಸ್ಕ್ರೂವಿಗೆ ಅವಳ ಎಲೆಅಡಿಕೆಯ ಚೀಲ ತೂಗುತ್ತಿತ್ತು.

"ತೂತು ಹೆಂಗ ಹಾಕ್ಯಾಳ ನೋಡು ನಮ್ಮ ಕಾಂಚನಾ," ಎಂದಳು ಕಾಳವ್ವ. "ಸುತ್ತಲ ಒಂದ ಸುಣ್ಣದ ಹಕ್ಕಳಿ ಎದ್ದಿಲ್ಲ. ಕೈ ಅಂದ್ರ ಇಂಥಾದ್ದು ಇರಬೇಕು."

"ನಾನ ಕಲಿಸಿದ್ದು ದೊಡ್ಡವ್ವ."

"ಹೌದನ? ಹಂಗಾರ ನೀ ಯಾಕ ಕಲೀಲಿಲ್ಲ?"

ವಿಜಯಕುಮಾರ ಅದನ್ನು ನುಂಗಿಕೊಂಡ. ಅವನಿಗೆ ಬೇರೆಯದೇ ಕೇಳಬೇಕಿತ್ತು. ಸಂಜೆಯವರೆಗೂ ಅದನ್ನೇ ಮೆಲುಕು ಹಾಕಿದ್ದ. ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ದನಿ ಸಣ್ಣ ಮಾಡಿ ಕೇಳಿದ.

"ದೊಡ್ಡವ್ವ, ಮಧ್ಯಾಹ್ನ ನನ್ನ ಬಗ್ಗೆ ಹಾಡಿದೆಲ್ಲಾ, ಅದು... ಮನಸಿನ್ಯಾಗಿಂದ ಬಂತಲ್ಲ?"

"ಯಾವ್ದು?"

"ಅದ, ಕೈ ಬಂಗಾರದ್ದು, ಮಾತು ಮುತ್ತಿಂದು. ಗ್ವಾಡಿಗೆ ನೋವಾದೀತು..."

ಕಾಳವ್ವ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ಅವನನ್ನು ದಿಟ್ಟಿಸಿ ನೋಡಿದಳು. "ಹುಚ್ಚಪ್ಪ! ಸತ್ತಾವರ ಮುಂದ ಯಾರರ ಖರೆ ಹೇಳ್ತಾರನು? ಅವು ಎಲ್ಲಾರಿಗೂ ಹಾಡೂವ. ಹೆಸರೊಂದ ಬದಲಿ ಮಾಡಬೇಕು. ಹ್ವಾದ ವರ್ಷ ನಮ್ಮ ಓಣಿ ಕಾಡಪ್ಪಗೂ ಅದ ಹಾಡಿದೆ. ಕೈ ಬಂಗಾರದ್ದೋ ನನ್ನ ಕಾಡಪ್ಪಾ ಅಂತ."

ಕಾಡಪ್ಪನನ್ನು ವಿಜಯಕುಮಾರ ಬಲ್ಲ. ಮಗ್ಗುಲ ಮನೆಯವರ ಎಮ್ಮೆಯನ್ನು ಹಗಲಿನಲ್ಲಿ ಹೊಡೆದುಕೊಂಡು ಹೋಗಿ ಸಂತೆಯಲ್ಲಿ ಮಾರಿ ಬಂದವನು.

"ಆದ್ರ ದೊಡ್ಡವ್ವ," ಅವನು ಕೊನೆಯದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡ, "ನಾಕನೂರು ಮಂದಿ ಹತ್ತೂ ಬೆರಳು ಎಣಿಸಿಕೊಂಡು ಮನೀಗೆ ಹೋಗ್ತಾರಂತ ಹಾಡಿದಿ. ಅದು ಕಾಡಪ್ಪಂದು ಹೆಂಗಾಗ್ತೈತಿ?"

"ಅದಾ?" ಕಾಳವ್ವ ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು. "ಅದು ನಂದಲ್ಲ. ಫೋನ್ ಹತ್ತದಿದ್ದಾಗ ಕಾಂಚನಾ ಅನ್ನಾಕತ್ತಿದ್ಲು. ನಾಕನೂರು ಮಂದೀನ ಹತ್ತೂ ಬೆರಳು ಕೂಡ ಮನೀಗೆ ಕಳಸಾವರು, ಅಂಥಾವರಿಗೆ ಏನರ ಆಗ್ತೈತೇನ್ರಿ ಅಂತ, ಅದನ್ನ ಹಾಡಿ ಹಾಡಿ ಹೇಳಿದ್ಲು. ಮಾತು ಚಲೋ ಐತೆಲ್ಲ ಅಂತ ನಾ ರಾಗಕ್ಕ ಕೂಡ್ಸಿದೆ. ಖರೆ ಅಂದ್ರ ಅದೊಂದ ನೋಡು. ಬೇಕಾರ ಆಕೀನ್ನ ಕೇಳು, ಇನ್ನೊಮ್ಮಿ ಅಂತಾಳೇನು."

ಅಡಿಗೆಮನೆಯಲ್ಲಿ ಕಾಂಚನಾ ಪಾತ್ರೆ ಜೋಡಿಸುತ್ತಿದ್ದಳು. ಒಂದೊಂದು ತಾಟು ಕೆಳಗಿಟ್ಟ ಸದ್ದಿಗೂ ಕಿಟಕಿಯ ಗಾಜು ಅದುರುತ್ತಿತ್ತು. ವಿಜಯಕುಮಾರ ಕಿವಿಗೊಟ್ಟು ಅಳೆದ. ಎಂಬತ್ತೈದು ಡೆಸಿಬಲ್ ದಾಟಿತ್ತು, ಸಂಶಯವಿಲ್ಲ. ಅಂಥ ಜಾಗದೊಳಕ್ಕೆ ಕಿವಿಗೆ ಬಿರಡೆಯಿಲ್ಲದೆ ಕಾಲಿಡಬಾರದೆಂದು ಅವನೇ ನಾನೂರು ಜನರಿಗೆ ಕಲಿಸಿದ್ದ.

ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಬರಿಗಿವಿಯಲ್ಲೇ ಅಡಿಗೆಮನೆಗೆ ಹೋದ.